ಶಬ್ದಗಳ ವಂಶಾವಳಿ ಬರೆದ ಕಿಟ್ಟೆಲ್

ಕನ್ನಡ ನಿಘಂಟಿನ ಮಾತು ಬಂದಾಗ ಫರ್ಡಿನೆಂಡ್ ಕಿಟ್ಟೆಲ್ಲರನ್ನು ನೆನೆಯದವರಿಲ್ಲ. ಆದರೆ ಅವರ ಗ್ರಂಥ ಬರಿಯ ಅರ್ಥಕೋಶವಲ್ಲ, ಶಬ್ದಗಳ ವಂಶಾವಳಿಯೂ ಅಹುದೆಂಬುದನ್ನು ವಿದ್ಯಾರ್ಥಿಗಳಾದ ನಾವು ಅಷ್ಟಾಗಿ ಗಮನಿಸುವುದಿಲ್ಲ.

ಕಿಟ್ಟೆಲ್ಲರು 1832ರಲ್ಲಿ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಜನಿಸಿದರು. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿ ಕನ್ನಡನಾಡಿಗೆ ಬಂದು ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ನೆಲಸಿದರು. ಧರ್ಮಪ್ರಚಾರಕ್ಕೆ ಬಂದವರು ಭಾಷೆಗೆ ಇಷ್ಟು ಕಾಲ ಕೊಡುವುದು ಮಿಷನ್ನಿನ ಹಲವರಿಗೆ ಹಿಡಿಸಲಿಲ್ಲ. ಆದರೂ ಅವರು ಹಿಡಿದ ಕೆಲಸ ಬಿಡಲಿಲ್ಲ. 1872ರಲ್ಲಿ ಶಬ್ದಮಣಿದರ್ಪಣವನ್ನೂ 1875ರಲ್ಲಿ ಛಂದೋಂಬುಧಿಯನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಿಂದ ಸುಮಾರು 70,000 ಶಬ್ದಗಳ ನಿಘಂಟು ಹೊರಬಂದಿತು.

ಅದರಲ್ಲಿ ಗಾದೆಗಳಿವೆ, ಆಡುಮಾತಿದೆ. ಕನ್ನಡ ಶಬ್ದದ ಮಗ್ಗುಲಲ್ಲಿ ತಮಿಳು, ಮಲಯಾಳ, ತೆಲುಗು, ತುಳುಗಳ ದಾಯಾದಿ ಶಬ್ದಗಳಿವೆ. 'ಮರ' ಶಬ್ದವನ್ನೇ ನೋಡಿರಿ. ಹಳಗನ್ನಡದಲ್ಲಿ ಮರಂ, ತಮಿಳಿನಲ್ಲಿ ಮರಮ್, ತೆಲುಗಿನಲ್ಲಿ ಮ್ರಾನು. ಇಂಥ ರೂಪಗಳನ್ನು ಹೋಲಿಸಿ ಮುಂದಿನ ಪಂಡಿತರು ಮೂಲದ್ರಾವಿಡದಲ್ಲಿ ಮರಮ್ ಅಥವಾ ಮರನ್ ಎಂಬ ರೂಪವಿದ್ದಿರಬೇಕೆಂದು ಊಹಿಸಿದರು. ಯಾವ ಶಾಸನದಲ್ಲಿಯೂ ದೊರೆಯದ ರೂಪವಾದುದರಿಂದ ಅದರ ಹಿಂದೆ ನಕ್ಷತ್ರಚಿಹ್ನೆ ಇಡುತ್ತಾರೆ. ವಿಭಕ್ತಿಯಲ್ಲಿಯೂ ಈ ನಂಟು ಕಾಣುತ್ತದೆ. ನಾವು ಮರದಲ್ಲಿ ಎನ್ನುವಾಗ ನಡುವೆ ಬರುವ ದಕಾರವೂ ತಮಿಳಿನ 'ಮರತ್ತಿಲ್' ರೂಪದ ತ್ತಕಾರವೂ ಒಂದೇ ಬೇರಿನವು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಮ್ಮ ಹಳ್ಳಿಗಳಲ್ಲಿ ಬೇವು ಎಷ್ಟೇ ಎತ್ತರವಿರಲಿ, ಅದು ಬೇವಿನ ಗಿಡವೇ. ಇದನ್ನು ಕೇಳಿ ನಗುವವರುಂಟು. ಆದರೆ ನಮ್ಮ ರೈತನು ಗಿಡದ ನೆರಳು ಎಂದಾಗ ಅದೇ ಪುರಾತನ ದಕಾರ ಅವನ ಬಾಯಲ್ಲಿ ಬರುತ್ತದೆ. ಕನ್ನಡದ ಸರ್ವಸ್ವವೂ ಸಂಸ್ಕೃತದಿಂದ ಬಂದುದೆಂಬ ಭಾವನೆ ಬಲವಾಗಿದ್ದ ಕಾಲದಲ್ಲಿ, ಸಂಸ್ಕೃತವೂ ದ್ರಾವಿಡದಿಂದ ಶಬ್ದಗಳನ್ನು ಪಡೆದಿದೆಯೆಂದು ಕಿಟ್ಟೆಲ್ಲರು ಪಟ್ಟಿಮಾಡಿ ತೋರಿಸಿದರು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರದಲ್ಲಿ ಟ್ಯೂಬಿಂಗನ್ನಿನಲ್ಲಿಯೇ ತೀರಿಕೊಂಡರು. 1961ರಲ್ಲಿ ಬರೋ ಮತ್ತು ಎಮೆನೋ ಎಂಬ ಪಂಡಿತರು ದ್ರಾವಿಡ ಭಾಷೆಗಳ ವ್ಯುತ್ಪತ್ತಿಕೋಶ ಪ್ರಕಟಿಸಿದಾಗ ಕನ್ನಡಕ್ಕೆ ಕಿಟ್ಟೆಲ್ಲರ ನಿಘಂಟೇ ಆಧಾರವಾಯಿತು.

ಪರದೇಶದಿಂದ ಬಂದವರು ನಮ್ಮ ಆಡುಮಾತನ್ನು ಆದರದಿಂದ ಬರೆದಿಟ್ಟರು. ಮನೆಯಲ್ಲಿ ಅದನ್ನೇ ಆಡುವ ನಾವು ಕಾಲೇಜಿನಲ್ಲಿ ಆಡಲು ನಾಚಬೇಕಾದುದಿಲ್ಲ.