ಕರ್ನಾಟಕ ಕುಲಪುರೋಹಿತ ಆಲೂರ ವೆಂಕಟರಾಯರು ಮತ್ತು ಹಂಪೆಯ ದರ್ಶನ

ತೀರ್ಥಕ್ಷೇತ್ರಗಳಿಗೆ ಹೋಗಿ ಬರುವವರು ಅಸಂಖ್ಯಾತರು. ಹೋದವರೆಲ್ಲರೂ ಕಲ್ಲನ್ನು ಕಾಣುತ್ತಾರೆ, ಹೊಳೆಯನ್ನು ಕಾಣುತ್ತಾರೆ, ಕಾಯಿ ಒಡೆಸಿ ಪ್ರಸಾದವನ್ನು ಕಟ್ಟಿಕೊಂಡು ಮನೆಗೆ ಮರಳುತ್ತಾರೆ. ಒಂದು ಸ್ಥಳವನ್ನು ಒಮ್ಮೆ ನೋಡಿದ ಮಾತ್ರದಿಂದ ತಮ್ಮ ಮುಂದಿನ ಆಯುಷ್ಯವನ್ನೆಲ್ಲ ಅದಕ್ಕೆ ಒಪ್ಪಿಸಿಬಿಟ್ಟವರು ಮಾತ್ರ ಅತ್ಯಂತ ವಿರಳರು. ಅಂತಹ ವಿರಳರಲ್ಲಿ ಕೀರ್ತಿಶೇಷ ಆಲೂರ ವೆಂಕಟರಾಯರು ಅಗ್ರಗಣ್ಯರೆಂದು ಹೇಳಬೇಕು. ಅವರ ಬಾಳನ್ನು ತಿರುಗಿಸಿದ ಆ ಸ್ಥಳವು ಬಳ್ಳಾರಿ ಸೀಮೆಯ ಹಂಪೆಯೇ ಆಗಿರುವುದರಿಂದ, ಈ ಭಾಗದ ಜನರಿಗೆ ಅವರ ಚರಿತ್ರೆಯು ವಿಶೇಷವಾಗಿ ಆಪ್ತವಾದುದು.

ವೆಂಕಟರಾಯರು 1880ನೆಯ ಇಸವಿ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದರು. ಅದೇ ತಿಂಗಳ 2ರಂದು ಧಾರವಾಡದಲ್ಲಿ ಜನಿಸಿದವರು ವಚನ ಪಿತಾಮಹ ಫ. ಗು. ಹಳಕಟ್ಟಿಯವರು. ವಿಜಾಪುರದಲ್ಲಿ ಹುಟ್ಟಿದವರು ಧಾರವಾಡವನ್ನೂ, ಧಾರವಾಡದಲ್ಲಿ ಹುಟ್ಟಿದವರು ವಿಜಾಪುರವನ್ನೂ ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡುದು ದೈವದ ಒಂದು ವಿನೋದವೆನ್ನಬಹುದು. ಒಬ್ಬರು ತಾಳೆಯೋಲೆಗಳಲ್ಲಿ ಹುದುಗಿದ್ದ ಶರಣರ ನುಡಿಯನ್ನು ಹೊರತೆಗೆದರೆ, ಇನ್ನೊಬ್ಬರು ಹಾಳುಬಿದ್ದ ಕಲ್ಲುಗಳಲ್ಲಿ ಹುದುಗಿದ್ದ ನಾಡಿನ ನೆನಪನ್ನು ಹೊರತೆಗೆದರು.

ರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ಪದವಿಯನ್ನು ಪಡೆದು, ಅನಂತರ ಮುಂಬಯಿಯಲ್ಲಿ ನ್ಯಾಯಶಾಸ್ತ್ರವನ್ನು ಕಲಿತು, ಧಾರವಾಡದಲ್ಲಿ ವಕೀಲಿಯನ್ನು ಆರಂಭಿಸಿದರು. ಆ ಕಾಲದ ಪುಣೆಯು ದೇಶಾಭಿಮಾನದ ಕುಲುಮೆಯಾಗಿದ್ದಿತು. ಅಲ್ಲಿಯ ತರುಣರಿಗೆ ಶಿವಾಜಿ ಮಹಾರಾಜರ ಹೆಸರು ಹೇಳಿದರೆ ಸಾಕು, ಎದೆಯುಬ್ಬುತ್ತಿದ್ದಿತು. ಕನ್ನಡ ವಿದ್ಯಾರ್ಥಿಗಾದರೋ ಹಾಗೆ ಹೇಳಿಕೊಳ್ಳಲು ಒಂದು ಹೆಸರೂ ತಿಳಿದಿರಲಿಲ್ಲ. ಹೆಸರುಗಳು ಇರಲಿಲ್ಲವೆಂದಲ್ಲ, ಫ್ಲೀಟ್, ಭಾಂಡಾರಕರ ಮೊದಲಾದ ವಿದ್ವಾಂಸರು ಚಾಲುಕ್ಯ ರಾಷ್ಟ್ರಕೂಟರ ಶಾಸನಗಳನ್ನು ಓದಿ ಗ್ರಂಥಗಳನ್ನು ಬರೆದಿದ್ದರು. ಬಳ್ಳಾರಿಯಲ್ಲಿ ಕಲೆಕ್ಟರರಾಗಿದ್ದ ರಾಬರ್ಟ್ ಸೂಯೆಲ್ಲರು ವಿಜಯನಗರವನ್ನು ಕುರಿತ ತಮ್ಮ ಪ್ರಖ್ಯಾತ ಗ್ರಂಥವನ್ನು 1900ರಲ್ಲಿ ಪ್ರಕಟಿಸಿದ್ದರು. ಆದರೆ ಅವೆಲ್ಲ ಇಂಗ್ಲಿಷಿನಲ್ಲಿದ್ದುವು. ಯಾರ ಪೂರ್ವಜರ ಕಥೆಯೋ ಅವರಿಗೇ ಅದು ತಿಳಿಯದೆ ಇದ್ದಿತು.

ಇಂತಹ ಮನಃಸ್ಥಿತಿಯಲ್ಲಿ 1905ರಲ್ಲಿ ರಾಯರು ಆನೆಗೊಂದಿ ಹಂಪೆಗಳ ಯಾತ್ರೆಯನ್ನು ಕೈಗೊಂಡರು. ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವವೃಂದಾವನವು ಮಾಧ್ವರಿಗೆ ಪರಮ ಪವಿತ್ರವಾದ ಕ್ಷೇತ್ರ. ವ್ಯಾಸರಾಯರೇ ಮೊದಲಾದ ಒಂಬತ್ತು ಯತಿಗಳ ವೃಂದಾವನಗಳು ಅಲ್ಲಿವೆ. ಹೊಳೆಯ ಆಚೆ ಈಚೆ ಎಲ್ಲಿ ನೋಡಿದರೂ ಒಂದರ ಮೇಲೊಂದು ಪೇರಿಸಿಟ್ಟಂತಹ ಗುಂಡುಬಂಡೆಗಳ ಬೆಟ್ಟಗಳು, ಅವುಗಳ ಸಂದಿನಲ್ಲಿ ಬಾಳೆಯ ತೋಟಗಳು ಮತ್ತು ಭತ್ತದ ಗದ್ದೆಗಳು, ವಿಜಯನಗರದ ಅರಸರು ತೋಡಿಸಿದ ಕಾಲುವೆಗಳಲ್ಲಿ ಇನ್ನೂ ಹರಿಯುವ ನೀರು. ಅರಮನೆಯು ನೆಲಸಮವಾದರೂ ಕಾಲುವೆಯು ಬತ್ತಲಿಲ್ಲವೆಂಬುದು ಅಲ್ಲಿಗೆ ಹೋದವರೆಲ್ಲರೂ ಗಮನಿಸತಕ್ಕ ವಿಷಯ. 1565ರ ಯುದ್ಧದ ಅನಂತರ ಪಟ್ಟಣವು ಹಾಳಾಯಿತು. ಅದನ್ನು ಸಾಕಿದ ಬೇಸಾಯವು ಉಳಿಯಿತು.

ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ರಾಯರು ಮುಂಬಯಿ ಇಲಾಖೆಯ ಧಾರವಾಡದವರು. ಹಂಪೆಯು ಮದ್ರಾಸ ಇಲಾಖೆಯ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ಆನೆಗೊಂದಿಯಾದರೋ ಹೊಳೆಯ ಆಚೆ, ನಿಜಾಮರ ರಾಜ್ಯದಲ್ಲಿ. 1336ರಲ್ಲಿ ಯಾವ ಸ್ಥಳದಲ್ಲಿ ಹರಿಹರ ಬುಕ್ಕರು ಒಂದು ಸಾಮ್ರಾಜ್ಯಕ್ಕೆ ಅಡಿಗಲ್ಲನ್ನಿಟ್ಟರೋ ಅದೇ ಸ್ಥಳದಲ್ಲಿ ಹರಿಗೋಲನ್ನೇರಿ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋದರೆ ಸರಕಾರವೇ ಬದಲಾಗುತ್ತಿದ್ದಿತು. ಹರಿಗೋಲು ಹಾಕುವವನ ಮಾತು ಮಾತ್ರ ಎರಡು ದಡಗಳಲ್ಲಿಯೂ ಕನ್ನಡವೇ. ಪುಸ್ತಕವನ್ನೋದಿ ಇದನ್ನು ತಿಳಿಯುವುದು ಬೇರೆ, ಹೊಳೆಯ ಮೇಲೆ ಕುಳಿತು ತಿಳಿಯುವುದು ಬೇರೆ.

ವಿರೂಪಾಕ್ಷನ ಗೋಪುರ, ವಿಜಯವಿಠ್ಠಲನ ಕಲ್ಲಿನ ತೇರು, ಭಗ್ನನಾದರೂ ಭೀಕರತೆಯನ್ನು ಬಿಡದ ಉಗ್ರನರಸಿಂಹ, ಇವನ್ನೆಲ್ಲ ನೋಡುತ್ತ ಹೋದ ರಾಯರ ಮನಸ್ಸಿನಲ್ಲಿ ಮೊದಲು ದುಃಖವೂ ಬಳಿಕ ಒಂದು ಬೆಳಕೂ ಮೂಡಿದುವು. ನಾಡೆಂಬುದು ಬರಿಯ ನೆಲವಲ್ಲ, ಪೂಜೆಗೆ ಅರ್ಹಳಾದ ಒಬ್ಬ ದೇವತೆಯೆಂಬ ಭಾವನೆಯು ಅಲ್ಲಿ ಅವರಲ್ಲಿ ನೆಲೆಗೊಂಡಿತು. ಅದನ್ನು ಅವರು ಸಾಮಾನ್ಯ ಭಾವೋದ್ರೇಕವೆಂದೆಣಿಸದೆ ಕರ್ನಾಟಕ ದೇವಿಯ ಸಾಕ್ಷಾತ್ಕಾರವೆಂದೇ ಭಾವಿಸಿದರು. ಹಾಳನ್ನು ಕಂಡು ಮರುಗುವುದು ಎಲ್ಲರಿಗೂ ಸಾಧ್ಯ. ಮರುಗಿದ ಮೇಲೆ ಮಾಡತಕ್ಕುದೇನೆಂದು ಕೇಳಿಕೊಂಡುದೇ ರಾಯರ ವೈಶಿಷ್ಟ್ಯ.

ಮಾಡಿದುದಾದರೂ ಏನು? ವಕೀಲಿಯನ್ನು ಕೆಲವು ವರ್ಷಗಳಲ್ಲಿಯೇ ಬಿಟ್ಟರು. ಕರ್ನಾಟಕ ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಯನ್ನು ನಡೆಸಿದರು. 1907ರಲ್ಲಿ ವಿದ್ಯಾರಣ್ಯರ ಚರಿತ್ರೆಯನ್ನು ಬರೆದರು. 1914ರಲ್ಲಿ ಧಾರವಾಡದಲ್ಲಿ ಇತಿಹಾಸ ಸಂಶೋಧನೆಗಾಗಿ ಮಂಡಲವು ಹುಟ್ಟಿತು. ಹಂಪೆಯಿಂದ ಬಂದ ಹನ್ನೆರಡು ವರ್ಷಗಳ ಮೇಲೆ, 1917ರಲ್ಲಿ, ಕರ್ನಾಟಕ ಗತವೈಭವವು ಹೊರಬಂದಿತು. ಎಲ್ಲೋರದ ಕೈಲಾಸವನ್ನು ಕೊರೆಯಿಸಿದ ಕೃಷ್ಣನು ಕನ್ನಡ ಅರಸನೆಂಬುದನ್ನೂ, ಬಾದಾಮಿಯ ಪುಲಿಕೇಶಿಯು ಹರ್ಷನನ್ನೇ ತಡೆದನೆಂಬುದನ್ನೂ ಅನೇಕ ಮನೆಗಳವರು ಮೊದಲು ತಿಳಿದುದು ಈ ಗ್ರಂಥದಿಂದಲೇ. ಅದರಲ್ಲಿ ಅಭಿಮಾನವು ಕೆಲವೆಡೆ ಪ್ರಮಾಣವನ್ನು ಮೀರಿದೆಯೆಂದೂ, ಅರಸರ ವಿಜಯಗಳಿಗೆ ದೊರೆತಷ್ಟು ಸ್ಥಳವು ಕಲ್ಲು ಕಡೆದವರ ಬಾಳಿಗೆ ದೊರೆತಿಲ್ಲವೆಂದೂ ನಿಷ್ಪಕ್ಷಪಾತಿಯು ಹೇಳದಿರಲಾರನು. ಆದರೂ ಮಲಗಿದವನನ್ನು ಎಬ್ಬಿಸುವವನು ಮೆಲುದನಿಯಲ್ಲಿ ಮಾತನಾಡುವುದಿಲ್ಲ.

ಗ್ರಂಥವೇನೋ ಹೆಸರಾಯಿತು, ಗ್ರಂಥಕರ್ತರ ಮನೆಗೆ ಸಿರಿ ಬರಲಿಲ್ಲ. 1922ರಲ್ಲಿ ಆರಂಭಿಸಿದ ಜಯಕರ್ನಾಟಕ ಮಾಸಪತ್ರಿಕೆಯು ತರುಣ ಲೇಖಕರಿಗೆ ಆಶ್ರಯವಾಯಿತು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸವೂ ಒದಗಿತು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಲನಕ್ಕೆ ಅವರು ಅಧ್ಯಕ್ಷರಾದರು. ಅದಕ್ಕೆ ನಾಲ್ಕು ವರ್ಷ ಮೊದಲು, 1926ರಲ್ಲಿ, ಬಳ್ಳಾರಿಯ ಸಮ್ಮೇಲನದ ಪೀಠವನ್ನು ಹಳಕಟ್ಟಿಯವರು ಅಲಂಕರಿಸಿದ್ದರು.

ಬಳ್ಳಾರಿಯ ಮಾತು ಬಂದುದರಿಂದ ಇಲ್ಲಿಯ ಕಥೆಯನ್ನೂ ಹೇಳುವುದು ಉಚಿತ. 1800ರಲ್ಲಿ ನಿಜಾಮರು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ಅಂದಿನಿಂದ ಈ ಸೀಮೆಯು ಮದ್ರಾಸಿಗೆ ಅಂಟಿಕೊಂಡಿದ್ದಿತು. ಏಕಶಿಲೆಯ ಬೆಟ್ಟದ ಮೇಲೆ ಕೋಟೆಯನ್ನು ಹೊತ್ತ ಬಳ್ಳಾರಿ, ತುಂಗಭದ್ರೆಯ ತಡಿಯ ಸಿರುಗುಪ್ಪೆ, ಸಿಂದರಸರು ಆಳಿದ ಕುರುಗೋಡು, ಇವೆಲ್ಲ ಯಾವ ಪ್ರಾಂತಕ್ಕೆ ಸೇರಬೇಕೆಂಬ ವ್ಯಾಜ್ಯವು ಬಹುಕಾಲ ನಡೆಯಿತು. ಕುರುಗೋಡಿನ ಚಾಲುಕ್ಯರ ಕಾಲದ ದೇಗುಲಗಳನ್ನೂ, ಒಂದೇ ಬಂಡೆಯಲ್ಲಿ ರೂಪುಗೊಂಡ ದೊಡ್ಡ ಬಸವೇಶ್ವರನ ಬೃಹನ್ಮೂರ್ತಿಯನ್ನೂ ನೋಡಿದವರಿಗೆ ಆ ವ್ಯಾಜ್ಯವು ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಹಂಪೆಗೆ ಧಾವಿಸುವ ಯಾತ್ರಿಕರು ಕುರುಗೋಡಿನಲ್ಲಿ ಅರ್ಧ ದಿನ ನಿಲ್ಲದೆ ಹೋಗುವುದೂ ಅಷ್ಟೇ ವಿಚಿತ್ರ. 1953ರಲ್ಲಿ ಆಂಧ್ರ ರಾಜ್ಯವು ರೂಪುಗೊಂಡಾಗ ಬಳ್ಳಾರಿ ತಾಲೂಕಿನ ವಿಷಯವಾಗಿಯೇ ಪ್ರತ್ಯೇಕ ವಿಚಾರಣೆಯು ನಡೆದು, ಕೊನೆಗೆ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪೆ, ಹೊಸಪೇಟೆ ಮೊದಲಾದ ಏಳು ತಾಲೂಕುಗಳು ಮೈಸೂರು ರಾಜ್ಯವನ್ನು ಸೇರಿದುವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಸೇರಿದವರ ಹರ್ಷದೊಳಗೆ ಬಿಟ್ಟುಹೋದವರ ನಿಟ್ಟುಸಿರೂ ಬೆರೆತಿದ್ದಿತು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಎಪ್ಪತ್ತಾರು ವರ್ಷಗಳ ವೃದ್ಧರಾಗಿದ್ದ ವೆಂಕಟರಾಯರು ಮರಳಿ ಹಂಪೆಗೆ ಬಂದು, ವಿರೂಪಾಕ್ಷನ ಆಲಯದಲ್ಲಿ ಭುವನೇಶ್ವರಿಗೆ ಪೂಜೆಯನ್ನು ಸಲ್ಲಿಸಿದರು. ಮೊದಲ ಯಾತ್ರೆಗೂ ಈ ಪೂಜೆಗೂ ನಡುವೆ ಐವತ್ತೊಂದು ವರ್ಷಗಳು ಸಂದಿದ್ದುವು. ಗುಡಿಯ ಗೋಪುರವು ಅದೇ, ಹೊಳೆಯು ಅದೇ. ಎರಡು ದಡಗಳ ನಡುವಿನ ಗಡಿಯು ಮಾತ್ರ ಇರಲಿಲ್ಲ.

ಹೊಸ ರಾಜ್ಯಕ್ಕೆ ಮೈಸೂರೆಂಬ ಹೆಸರೇ ನಿಂತಿತು. 1964ರ ಫೆಬ್ರವರಿ 25ರಂದು ರಾಯರು ಕಾಲವಶರಾದರು. ಅದೇ ವರ್ಷ ಜೂನ್ 29ರಂದು ಹಳಕಟ್ಟಿಯವರು ಲಿಂಗೈಕ್ಯರಾದರು. ರಾಯರು ಹಂಪೆಯಲ್ಲಿ ದೇವಿಯನ್ನು ಯಾವ ಹೆಸರಿನಿಂದ ಕರೆದಿದ್ದರೋ ಆ ಕರ್ನಾಟಕವೆಂಬ ಹೆಸರು ರಾಜ್ಯಕ್ಕೆ ಬಂದುದು 1973ರಲ್ಲಿ.