ಹೊರನಾಡಿನ ವೈದ್ಯ ವಿಪಲ್

ಊರಲ್ಲಿ ಮೂರು ವಾರ ಕಾಮಾಲೆಗೆ ನಾಟಿ ಮದ್ದು ಕುಡಿದ ಅಪ್ಪನನ್ನು ದಹಿಸರ್‌ಗೆ ಕರೆತಂದೆ. ಸಿ.ಟಿ. ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ ಕಂಡಿತು. ವಿಪಲ್ ಶಸ್ತ್ರಚಿಕಿತ್ಸೆ ಆಗಬೇಕೆಂದರು.

ಆ ಹೆಸರಿನ ವೈದ್ಯರೂ ನಮ್ಮಂತೆ ಹೊರನಾಡಿನವರೇ. ಅಲೆನ್ ವಿಪಲ್ 1881ರಲ್ಲಿ ಪರ್ಷಿಯಾದಲ್ಲಿ ಅಮೆರಿಕದ ಮಿಷನರಿ ದಂಪತಿಗೆ ಹುಟ್ಟಿದರು. ನ್ಯೂಯಾರ್ಕಿನಲ್ಲಿ ಶಸ್ತ್ರವೈದ್ಯರಾಗಿ, 1935ರಲ್ಲಿ ಆ ಜಾಗದ ಗಡ್ಡೆಯನ್ನು ಎರಡು ಹಂತಗಳಲ್ಲಿ ತೆಗೆಯುವ ವಿಧಾನ ಪ್ರಕಟಿಸಿದರು. 1940ರಲ್ಲಿ ಜಠರದ ಗಡ್ಡೆಯೆಂದು ಒಬ್ಬರ ಹೊಟ್ಟೆ ತೆರೆದರೆ, ಅದು ಮೇದೋಜೀರಕದ್ದು! ಅಂದು ಒಂದೇ ಹಂತದಲ್ಲಿ ಮುಗಿಸಿದರು. 1963ರಲ್ಲಿ ತೀರಿಕೊಂಡರು.

ಅವರಿಗೆ ಹೊಟ್ಟೆ ತೆರೆದ ಮೇಲೆ ತಿಳಿದದ್ದು ನಮಗೀಗ ಸ್ಕ್ಯಾನಿನಲ್ಲೇ ತಿಳಿಯುತ್ತದೆ. ಗಡ್ಡೆ ಹರಡಿರಲಿಲ್ಲ, ಅಪ್ಪ ಉಳಿದರು. ಊರಿನ ಹಿರಿಯರ ಕಣ್ಣು ಹಳದಿಯಾದರೆ ಮದ್ದು ಕುಡಿಸುತ್ತಾ ಕಾಯಬೇಡಿ, ಸ್ಕ್ಯಾನ್ ಮಾಡಿಸಿ.