ಜಾನ್ ಆಲೆನ್ (ಮಾದರಿ ರೈಲು ನಿರ್ಮಾಪಕ)

ಜಾನ್ ವಿಟ್ಬಿ ಆಲೆನ್ (ಜುಲೈ ೨, ೧೯೧೩ – ಜನವರಿ ೬, ೧೯೭೩) ಅಮೆರಿಕದ ಛಾಯಾಗ್ರಾಹಕ ಹಾಗೂ ಮಾದರಿ ರೈಲು ನಿರ್ಮಾಪಕ. ಮಕ್ಕಳ ಆಟಿಕೆಯೆಂದೇ ಬಹುಮಂದಿ ತಿಳಿದಿದ್ದ ಪುಟ್ಟ ರೈಲುಗಳಿಗೆ ಮಸಿ, ತುಕ್ಕು ಮತ್ತು ಸವೆತದ ಮೂಲಕ ಜೀವಕಳೆ ತಂದವರಲ್ಲಿ ಇವರು ಪ್ರಮುಖರು. ಇವರ ಗೋರಿ ಅಂಡ್ ಡಿಫೀಟೆಡ್ ಎಂಬ ಕಾಲ್ಪನಿಕ ರೈಲುಮಾರ್ಗ ಈ ಹವ್ಯಾಸದ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು.

ಜೀವನ

ಆಲೆನ್ ಮಿಸ್ಸೂರಿ ರಾಜ್ಯದ ಜಾಪ್ಲಿನ್‌ನಲ್ಲಿ ಜನಿಸಿದರು. ಲಾಸ್ ಏಂಜಲೀಸ್‌ನಲ್ಲಿ ಛಾಯಾಗ್ರಹಣ ವೃತ್ತಿಯಲ್ಲಿದ್ದು, ೧೯೪೦ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಗೆ ಬಂದು ನೆಲೆಸಿದರು. ಅವಿವಾಹಿತರಾಗಿದ್ದ ಅವರು ಹೂಡಿಕೆಗಳ ಆದಾಯದಿಂದ ಜೀವನ ನಡೆಸುತ್ತ, ತಮ್ಮ ಬಹುಪಾಲು ಸಮಯವನ್ನು ರೈಲುಮಾರ್ಗಕ್ಕೆ ಮೀಸಲಿಟ್ಟರು.

ಗೋರಿ ಅಂಡ್ ಡಿಫೀಟೆಡ್

ಈ ಹೆಸರೇ ಒಂದು ಶ್ಲೇಷೆ. ಗೋರಿ ಮತ್ತು ಡಿಫೀಟೆಡ್ ಎಂಬ ಎರಡು ಊರುಗಳ ಹೆಸರನ್ನು ಬರೆಯುವ ಬಗೆ ವಿಚಿತ್ರವಾಗಿದ್ದರೂ, ಓದಿದಾಗ ಇಂಗ್ಲಿಷಿನಲ್ಲಿ ರಕ್ತಸಿಕ್ತ ಮತ್ತು ಪರಾಜಿತ ಎಂಬರ್ಥ ಹೊರಡುತ್ತದೆ. ೧೯೪೬ರಲ್ಲಿ ಆರಂಭವಾದ ಮೊದಲ ಮಾರ್ಗ ಮಂಚದಷ್ಟೇ ಜಾಗ ಹಿಡಿಯುವ ಹಲಗೆಯ ಮೇಲಿತ್ತು. ಅದನ್ನು ಒಡೆದುಹಾಕದೆ, ೧೯೫೦ರ ದಶಕದಲ್ಲಿ ಮನೆಯ ನೆಲಮಾಳಿಗೆಯಲ್ಲಿ ಕಟ್ಟತೊಡಗಿದ ಮೂರನೆಯ ಮಾರ್ಗದೊಳಗೆ ಸೇರಿಸಿಕೊಂಡರು. ಎಚ್‌ಓ ಅಳತೆಯಲ್ಲಿ, ಅಂದರೆ ನಿಜವಾದುದರ ೮೭ನೇ ಒಂದು ಭಾಗದಲ್ಲಿ, ಬೆಟ್ಟಗಳು ನೆಲದಿಂದ ಚಾವಣಿಯವರೆಗೆ ಎದ್ದಿದ್ದವು. ಕಂದರಗಳು ಇನ್ನೂ ವಿಶಾಲವಾಗಿ ಕಾಣಲೆಂದು ಕನ್ನಡಿಗಳನ್ನು ಅಡಗಿಸಿಟ್ಟಿದ್ದರು.

ಎಂಜಿನುಗಳ ಅಲಂಕರಣ

ಈ ಅಳತೆಯಲ್ಲಿ ಒಂದು ಅಡಿಯೆಂದರೆ ೩.೫ ಮಿಲಿಮೀಟರ್, ಆರಡಿ ಎತ್ತರದ ಚಾಲಕನ ಬೊಂಬೆ ೨೧ ಮಿಲಿಮೀಟರ್. ಅಂಗಡಿಯಿಂದ ತಂದ ಶಂಟಿಂಗ್ ಎಂಜಿನ್ ಹೊಳೆಯುವ ಬಣ್ಣದಲ್ಲಿರುತ್ತದೆ. ಹಿಡಿಕಂಬಿ, ಕೊಳವೆಗಳು ಬಾಯ್ಲರಿನ ಎರಕದಲ್ಲೇ ಉಬ್ಬಿ ನಿಂತಿರುವುದೂ ಉಂಟು. ಹವ್ಯಾಸಿಗಳು ಅವನ್ನು ಕೆರೆದು ತೆಗೆದು, ಸಣ್ಣ ರಂಧ್ರ ಕೊರೆದು ತಂತಿಯ ಕಂಬಿಗಳನ್ನು ಕೂಡಿಸುತ್ತಾರೆ. ಗಂಟೆ, ದೀಪ, ಕಲ್ಲಿದ್ದಲ ರಾಶಿಗಳನ್ನು ಸೇರಿಸುತ್ತಾರೆ. ವಾರ್ನಿ ಕಂಪನಿಯ ಡಾಕ್‌ಸೈಡ್ ಎಂಬ ನಾಲ್ಕು ಚಕ್ರದ ಪುಟ್ಟ ಎಂಜಿನ್ ಇಂಥ ಮಾರ್ಪಾಡಿಗೆ ಒಗ್ಗುವಂಥದ್ದಾಗಿತ್ತು. ಅದೇ ಕಂಪನಿಯ ಜಾಹೀರಾತುಗಳಿಗಾಗಿ ಆಲೆನ್ ತಮ್ಮ ರೈಲುಮಾರ್ಗದಲ್ಲಿ ಚಿತ್ರಗಳನ್ನು ತೆಗೆದುಕೊಟ್ಟರು.

ಆಲೆನ್ ಅವರ ನಿಜವಾದ ಕೊಡುಗೆ ಇರುವುದು ಬಣ್ಣದಲ್ಲಿ. ಹೊಗೆಕೊಳವೆಯ ಸುತ್ತ ಮಸಿ ಎಲ್ಲಿ ಕೂರುತ್ತದೆ, ಚಕ್ರಗಳಿಗೆ ಧೂಳು ಹೇಗೆ ಮೆತ್ತುತ್ತದೆ, ನೀರು ಸೋರಿದ ಜಾಗದಲ್ಲಿ ಯಾವ ಗೆರೆ ಉಳಿಯುತ್ತದೆ ಎಂಬುದನ್ನು ಛಾಯಾಗ್ರಾಹಕನ ಕಣ್ಣಿನಿಂದ ಗಮನಿಸಿ ಮಾದರಿಗಳಿಗೆ ತಂದರು. ಹೊಸದಾಗಿ ಫಳಫಳಿಸುವ ಎಂಜಿನ್ನೇ ಹೆಮ್ಮೆಯ ವಸ್ತುವಾಗಿದ್ದ ಕಾಲದಲ್ಲಿ ಬೇಕೆಂದೇ ಅದನ್ನು ಕೊಳೆಯಾಗಿಸುವುದು ಸಣ್ಣ ಧೈರ್ಯವೇನಲ್ಲ. ಇಂದು ಈ ಕ್ರಮ ಹವ್ಯಾಸದ ಸಾಮಾನ್ಯ ಪಾಠವಾಗಿದೆ.

ಎಮ್ಮಾ ಮತ್ತು ಟೈಂಸೇವರ್

ಇಷ್ಟು ನೈಜತೆಯ ನಡುವೆಯೂ ಆಲೆನ್ ತಮಾಷೆಯನ್ನು ಬಿಡಲಿಲ್ಲ. ಅವರ ಮಾರ್ಗದ ೧೩ನೇ ಸಂಖ್ಯೆಯ ಶಂಟಿಂಗ್ ಎಂಜಿನ್ ಎಂಜಿನ್ನೇ ಆಗಿರದೆ, ವ್ಯಾಗನ್ನುಗಳನ್ನು ಎಳೆಯುವ ಎಮ್ಮಾ ಎಂಬ ಸ್ಟೆಗೊಸಾರಸ್ ಡೈನೋಸಾರ್ ಆಗಿತ್ತು.

ಶಂಟಿಂಗ್ ಕೆಲಸವನ್ನೇ ಆಟವಾಗಿಸಿದ ಟೈಂಸೇವರ್ ಕೂಡ ಅವರದೇ ರಚನೆ. ಇದರ ವಿವರ ೧೯೭೨ರಲ್ಲಿ ಮಾಡೆಲ್ ರೈಲ್‌ರೋಡರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಐದು ಕವಲು ಹಳಿಗಳ ಇಕ್ಕಟ್ಟಿನಲ್ಲಿ ಒಂದೇ ಎಂಜಿನ್ನಿನಿಂದ ವ್ಯಾಗನ್ನುಗಳನ್ನು ಗೊತ್ತುಪಡಿಸಿದ ಸ್ಥಳಗಳಿಗೆ ಸೇರಿಸಬೇಕು. ಹಳಿಯ ತುಣುಕುಗಳು ಬೇಕೆಂದೇ ಗಿಡ್ಡವಾಗಿರುವುದರಿಂದ ಒಂದು ವ್ಯಾಗನ್ನನ್ನು ಒಳಗಿಡಲು ಮತ್ತೊಂದನ್ನು ಹೊರತೆಗೆಯಬೇಕಾಗುತ್ತದೆ. ಕಡಿಮೆ ಸಮಯದಲ್ಲಿ ಮುಗಿಸಿದವರು ಗೆದ್ದಂತೆ.

ನಿಧನ

೧೯೭೩ರ ಜನವರಿ ೬ರಂದು ಆಲೆನ್ ಹೃದಯಾಘಾತದಿಂದ ನಿಧನರಾದರು. ಸುಮಾರು ಹತ್ತು ದಿನಗಳ ನಂತರ ಅವರ ಮನೆಗೆ ಬೆಂಕಿ ಬಿದ್ದು, ಎರಡು ದಶಕಗಳ ಕಾಲ ಕಟ್ಟಿದ ಬೆಟ್ಟ, ಸೇತುವೆ, ಊರುಗಳೆಲ್ಲ ನಾಶವಾದವು. ಆ ಮಾರ್ಗ ಇಂದು ಕಾಣಸಿಗುವುದು ಮುಖ್ಯವಾಗಿ ಛಾಯಾಚಿತ್ರಗಳಲ್ಲಿ. ಮಾಡೆಲ್ ರೈಲ್‌ರೋಡರ್ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಅವುಗಳನ್ನು ಆಧರಿಸಿ ಬರೆದ ಮಾಡೆಲ್ ರೈಲ್‌ರೋಡಿಂಗ್ ವಿತ್ ಜಾನ್ ಆಲೆನ್ ಎಂಬ ಗ್ರಂಥವು ಲೇಖಕರ ಮರಣಾನಂತರ, ೧೯೮೧ರಲ್ಲಿ ಪ್ರಕಟವಾಯಿತು.